ಬಂದವರ ಸಭೆ, ಬರುವವರ ಸಭೆ: ಭೀಮರಾಯನಗುಡಿ ಸೀಮೆಯಲ್ಲಿ ಕ್ರೈಸ್ತ ಆತಿಥ್ಯದ ಒಂದು ಅಧ್ಯಯನ

ಪೀಠಿಕೆ

ಶಹಾಪುರ, ಸುರಪುರ ಸೀಮೆಯಲ್ಲಿ ಮನೆಗೆ ಬಂದವರ ಕೈಗೆ ಮೊದಲು ಬರುವುದು ಒಂದು ಚರಿಗೆ ನೀರು. ‘ಬರ್ರಿ, ಕೂಡ್ರಿ’ ಎಂದ ಮೇಲೆಯೇ ಊರು ಯಾವುದು, ಯಾರ ಪೈಕಿ, ಏನು ಕೆಲಸಕ್ಕೆ ಬಂದಿರಿ ಎಂಬ ಮಾತು. ನೀರು ಮೊದಲು, ವಿಚಾರಣೆ ಆಮೇಲೆ ಎಂಬ ಈ ಕ್ರಮದಲ್ಲಿ ಒಂದು ಧರ್ಮವಿವೇಕ ಅಡಗಿದೆ. ಆದರೆ ಆ ಚರಿಗೆ ಎಲ್ಲರ ಕೈಗೂ ಒಂದೇ ರೀತಿ ಬರಲಿಲ್ಲ. ಕೆಲವರಿಗೆ ಅದು ಪಡಸಾಲೆಯಲ್ಲಿ ಸಿಕ್ಕಿತು, ಕೆಲವರಿಗೆ ಹೊಸ್ತಿಲಾಚೆ, ಇನ್ನು ಕೆಲವರ ಬೊಗಸೆಗೆ ಮೇಲಿನಿಂದ ಸುರಿಯಲಾಯಿತು. ಕ್ರೈಸ್ತ ಸಭೆಯೊಂದು ಈ ನೆಲದಲ್ಲಿ ಬಂದವರನ್ನು ಬರಮಾಡಿಕೊಳ್ಳುವುದು ಎಂದರೆ ಏನು, ಊರಿನ ಕಡೆಗೆ ನಡೆಯುವುದು ಎಂದರೆ ಏನು ಎಂಬ ಪ್ರಶ್ನೆಯನ್ನು ಈ ಎರಡೂ ಸತ್ಯಗಳ ನಡುವೆ ನಿಂತೇ ಕೇಳಬೇಕು.

ಸಭೆಯ ಸ್ವಾಗತವನ್ನು ಬಾಗಿಲಲ್ಲಿ ನಿಂತು ಕೈಮುಗಿಯುವವರ ಏರ್ಪಾಡು ಎಂದು ಭಾವಿಸುವುದು ರೂಢಿ. ಈ ಲೇಖನದ ವಾದ ಬೇರೆ. ಕಲ್ಯಾಣ ಕರ್ನಾಟಕದಲ್ಲಿ ಕ್ರೈಸ್ತ ಸಭೆ ಮೊದಲು ಅತಿಥಿಯಾಗಿ ಬಂತು. ಇಲ್ಲಿನ ಅರಸರ, ರೈತರ, ಕೇರಿಗಳ ಆದರದಿಂದಲೇ ಬೇರುಬಿಟ್ಟಿತು. ತಾನೊಮ್ಮೆ ಅತಿಥಿಯಾಗಿದ್ದೆ ಎಂಬ ನೆನಪನ್ನು ಉಳಿಸಿಕೊಂಡ ಸಭೆಯೇ ನಿಜವಾದ ಆತಿಥೇಯವಾಗಬಲ್ಲದು. ಇದನ್ನು ಪ್ರಾದೇಶಿಕ ಚರಿತ್ರೆ, ಮಿಷನ್ ಚರಿತ್ರೆ ಮತ್ತು ಸಭಾಪಾಲನೆಯ ಆಚರಣೆ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸಲಾಗಿದೆ.

ಊರಿನ ಸ್ವರೂಪ

ಹೆಸರಿನಲ್ಲಿ ಗುಡಿಯನ್ನು ಹೊತ್ತ ಭೀಮರಾಯನಗುಡಿ ಇಂದು ಹೆಚ್ಚು ಪರಿಚಿತವಾಗಿರುವುದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಯೋಜನೆಯ ನೀರು ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಯ ಮೂಲಕ ಶಹಾಪುರ, ಸುರಪುರ ತಾಲ್ಲೂಕುಗಳಿಗೆ ಹರಿಯಿತು. ಅಚ್ಚುಕಟ್ಟು ಅಭಿವೃದ್ಧಿಯ ಕಚೇರಿ, ಕೃಷ್ಣಾ ಭಾಗ್ಯ ಜಲ ನಿಗಮದ ವಸತಿಗಳು, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮಹಾವಿದ್ಯಾಲಯ ಇಲ್ಲಿ ನೆಲೆಗೊಂಡವು. ಕಾಲುವೆಯ ಬೆನ್ನಿಗೇ ಆಂಧ್ರದಿಂದ ಬಂದ ರೈತರ ‘ಕ್ಯಾಂಪ್’ಗಳು ಈ ಸೀಮೆಯಲ್ಲಿ ತಲೆಯೆತ್ತಿದವು. ಒಂದೆಡೆ ವರ್ಗವಾಗಿ ಬರುವ ನೌಕರರು, ಓದಲು ಬರುವ ವಿದ್ಯಾರ್ಥಿಗಳು. ಇನ್ನೊಂದೆಡೆ ಬೆಂಗಳೂರು, ಮುಂಬೈ ಕಡೆಗೆ ಗುಳೆ ಹೋಗುವ ಕುಟುಂಬಗಳು. ಹೀಗಾಗಿ ‘ಹೊರಗಿನವರು’ ಎಂಬ ಮಾತಿಗೆ ಇಲ್ಲಿ ಸ್ಥಿರವಾದ ಅರ್ಥವಿಲ್ಲ. ಇಂದು ಇಲ್ಲಿನವರಾದವರು ನಾಳೆ ಇನ್ನೊಂದು ಊರಿನ ಹೊರಗಿನವರು.

2011ರ ಜನಗಣತಿಯಂತೆ ಈ ಸೀಮೆಯನ್ನೊಳಗೊಂಡ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಅತಿ ಕಡಿಮೆ. ಅದೇ ಜನಗಣತಿಯಲ್ಲಿ ಇಡೀ ಕರ್ನಾಟಕದ ಕ್ರೈಸ್ತರ ಪ್ರಮಾಣ ಶೇ. 1.87. ಸಾಕ್ಷರತೆಯ ಮತ್ತು ಕ್ರೈಸ್ತರ ಪ್ರಮಾಣದ ಈ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಸಭೆಯ ಹೊಣೆಯ ಸ್ವರೂಪ ತಿಳಿಯುತ್ತದೆ: ಚಿಕ್ಕ ಸಮುದಾಯ, ದೊಡ್ಡ ಕೊರತೆ.

ಆದರಿಸಿದ ನೆಲ

ಈ ಪರಿಸರ ಭಿನ್ನ ಮಾರ್ಗಗಳ ಸಹವಾಸಕ್ಕೆ ಹೊಸದಲ್ಲ. ದೇವರ ದಾಸಿಮಯ್ಯನ ಮುದನೂರು ಇಲ್ಲಿದೆ. ಹಿಂದೂ ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರ ಕೃಷ್ಣೆಯ ದಂಡೆಯಲ್ಲಿದ್ದಾನೆ. ಕಾಲಜ್ಞಾನ ಪರಂಪರೆಯ ಕೊಡೇಕಲ್ ಬಸವಣ್ಣನ ಕ್ಷೇತ್ರ ಹುಣಸಗಿ ಭಾಗದಲ್ಲಿದೆ. ಶಹಾಪುರದ ಸಮೀಪದ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಬಳಿ ಬಿಜಾಪುರದ ಮೊದಲ ಆದಿಲಶಾಹಿ ದೊರೆಗಳು ಮಣ್ಣಾಗಿದ್ದಾರೆ. ಅದೇ ಆದಿಲಶಾಹಿಗಳ ಆಳ್ವಿಕೆಯಲ್ಲಿ ರಾಯಚೂರು ಸೀಮೆಯ ಮುದಗಲ್ಲಿನಲ್ಲಿ ಕ್ಯಾಥೋಲಿಕ್ ಸಮುದಾಯವೊಂದು ನೆಲೆಯೂರಿ ಶತಮಾನಗಳನ್ನು ಕಂಡಿತು. ಮೊಹರಮ್ಮಿಗೆ ಹೆಸರಾದ ಊರಿನಲ್ಲಿ ಮುಸ್ಲಿಂ ದೊರೆಗಳ ಆಶ್ರಯದಲ್ಲಿ ಕನ್ನಡ ಕ್ರೈಸ್ತ ಕೇರಿ ಬೆಳೆದುದು ನಮ್ಮ ಚರ್ಚೆಗೆ ಅಡಿಗಲ್ಲು. ಇಲ್ಲಿ ಸಭೆಯು ಸ್ವಾಗತವನ್ನು ಕೊಡುವ ಮುನ್ನ ಪಡೆದಿದೆ.

ನಿಜಾಮರ ಕಾಲದಲ್ಲಿ ಬಂದ ಮೆಥೋಡಿಸ್ಟ್ ಮಿಷನ್ ಕೂಡ ಪಡೆದುಕೊಂಡೇ ಬೆಳೆಯಿತು. ಬೀದರ ಮತ್ತು ಯಾದಗಿರಿಗಳಲ್ಲಿ ಅದರ ಕೇಂದ್ರಗಳು ನೆಲೆಗೊಂಡವು. ಯಾದಗಿರಿಯ ಮಿಷನ್ ಆಸ್ಪತ್ರೆಗೆ ಅಮೆರಿಕದ ಟೆನೆಸಿ ಸೀಮೆಯ ಹೋಲ್‌ಸ್ಟನ್ ಪ್ರಾಂತದ ಮೆಥೋಡಿಸ್ಟ್ ಸಭೆಗಳ ಹೆಸರು ಬಂತು. ಹಣ ದೂರದಿಂದ ಬಂದಿರಬಹುದು. ಆದರೆ ಆಸ್ಪತ್ರೆಯನ್ನು ಆಸ್ಪತ್ರೆಯಾಗಿಸಿದ್ದು ಹೆರಿಗೆಗೆ, ಜ್ವರಕ್ಕೆ, ಗಾಯಕ್ಕೆ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದವರ ನಂಬಿಕೆ. ಪರದೇಶದ ವೈದ್ಯರ ಕೈಗೆ ತನ್ನ ಮಗುವನ್ನು ಒಪ್ಪಿಸಿದ ತಾಯಿಯೂ ಒಬ್ಬ ಆತಿಥೇಯಳೇ. ಸೇವೆಯ ಚರಿತ್ರೆ ಬರೆಯುವಾಗ ಕೊಟ್ಟವರ ಹೆಸರು ಉಳಿಯುತ್ತದೆ, ನಂಬಿದವರ ಹೆಸರು ಅಳಿಯುತ್ತದೆ. ಈ ಅಸಮತೋಲನವನ್ನು ಸಭೆ ತನ್ನ ಸ್ಮರಣೆಯಲ್ಲಾದರೂ ಸರಿಪಡಿಸಿಕೊಳ್ಳಬೇಕು.

ಮಲಸಮುದ್ರದ ಎಚ್ಚರಿಕೆ

ಸ್ವಾಗತ ಎಲ್ಲಿ ಎಡವುತ್ತದೆ ಎಂಬುದಕ್ಕೆ ನೆರೆಯ ಸೀಮೆಯಲ್ಲೊಂದು ನಿದರ್ಶನವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟಿತು. ಆ ಕಾಲದಲ್ಲೇ ‘ಕಾಲಜ್ಞಾನಿ’ಗಳೆಂದು ಕರೆಸಿಕೊಂಡ ಜನ ತಮ್ಮ ಗ್ರಂಥಗಳು ಸೂಚಿಸಿದ ಹೊಸ ಕಾಲ ಇದೇ ಇರಬಹುದೆಂದು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ದೊಡ್ಡ ಸಮುದಾಯವೇ ಸಭೆಗೆ ಸೇರುತ್ತದೆಂಬ ಉತ್ಸಾಹ ಹುಟ್ಟಿತು. ಗದಗ-ಬೆಟಗೇರಿ ಸಮೀಪದ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಕೃಷಿ ವಸಾಹತೊಂದನ್ನು ಕಟ್ಟುವ ಪ್ರಯತ್ನವೂ ನಡೆಯಿತು. ಅದು ಕೈಗೂಡಲಿಲ್ಲ.

ಈ ಸೋಲಿನಲ್ಲಿ ಎರಡು ಪಾಠಗಳಿವೆ. ಬಂದವರು ತಮ್ಮದೇ ಪ್ರಶ್ನೆಗಳನ್ನು, ತಮ್ಮದೇ ಪವಿತ್ರ ಮಾತುಗಳನ್ನು ಹೊತ್ತು ಬಂದಿದ್ದರು; ಬರಮಾಡಿಕೊಂಡವರ ಬಳಿ ಉತ್ತರಗಳು ಮೊದಲೇ ಸಿದ್ಧವಾಗಿದ್ದವು. ಕೇಳಿಸಿಕೊಳ್ಳದ ಸ್ವಾಗತ ಬಹುದಿನ ಬಾಳದು. ಎರಡನೆಯದು, ಭೂಮಿ ಮತ್ತು ಭಕ್ತಿ ಒಂದೇ ಕೈಯಿಂದ ಹಂಚಿಕೆಯಾದಾಗ ಎರಡರ ಮೇಲೂ ಸಂಶಯದ ನೆರಳು ಬೀಳುತ್ತದೆ. ಜಾತಿಯಿಂದ ಹೊರಬಿದ್ದವರಿಗೆ ಮಂಗಳೂರಿನ ಹೆಂಚಿನ ಕಾರ್ಖಾನೆ, ನೇಯ್ಗೆ ಶಾಲೆಗಳು ಅನ್ನ ಕೊಟ್ಟವು ಎಂಬುದು ಗೌರವದ ಸಂಗತಿ. ಆದರೂ ಪಾಲಕನೇ ಯಜಮಾನನಾದ ಕಡೆ ಸಭಿಕ ಸ್ವತಂತ್ರವಾಗಿ ಮಾತನಾಡುವುದು ಕಷ್ಟ.

ಭಾಷೆ ಎಂಬ ಬಾಗಿಲು

ಬಳ್ಳಾರಿಯಲ್ಲಿ 1810ರಿಂದ ದುಡಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡಕ್ಕೆ ಬಂತು. ಬಾಸೆಲ್ ಮಿಷನ್ನಿನ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ (1843), ಅದೇ ಮಿಷನ್ನಿನ ಕಿಟೆಲ್ಲರ ‘ಕಥಾಮಾಲೆ’ (1862) ಮತ್ತು ಕನ್ನಡ-ಇಂಗ್ಲಿಷ್ ನಿಘಂಟು (1894) ಆ ದಾರಿಯ ಮುಂದಿನ ಮೈಲಿಗಲ್ಲುಗಳು. ‘ಕಥಾಮಾಲೆ’ಯಲ್ಲಿ ಕಿಟೆಲ್ ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸು, ರಾಗಗಳಿಗೆ ಒಗ್ಗಿಸಿದ್ದನ್ನು ಕೇವಲ ಸಾಹಿತ್ಯ ಪ್ರಯೋಗವೆನ್ನಲಾಗದು. ಕೇಳುವವನ ಕಿವಿಗೆ ಅದು ಸಲ್ಲಿಸಿದ ಗೌರವ.

ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿ ನಡೆದ ಕಾಲದಲ್ಲಿ ವಾರವಾರ ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಹಾಡಿ, ಕನ್ನಡದಲ್ಲಿ ಬೇಡಿಕೊಂಡ ಸಭೆಗಳ ಮಹತ್ವ ಸಣ್ಣದಲ್ಲ. ಸಂಸ್ಥಾನ ವಿಲೀನವಾದ ಮರುವರ್ಷ, 1949ರಲ್ಲಿ, ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಕ್ರೈಸ್ತ ಪಾದ್ರಿ ರೆವರೆಂಡ್ ಉತ್ತಂಗಿ ಚನ್ನಪ್ಪ (1881-1962). ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಈ ಪಾದ್ರಿಗೆ ಶರಣರ ಮಾತು ಪರಕೀಯವೆನಿಸಲಿಲ್ಲ. ಉತ್ತಂಗಿಯವರು ನೆರೆಯವರ ಪರಂಪರೆಯನ್ನು ಅದರದೇ ಗೌರವಕ್ಕಾಗಿ ಓದಿದರು. ತಮ್ಮ ವಿಶ್ವಾಸವನ್ನು ಬಿಡಲೂ ಇಲ್ಲ, ಮರೆಮಾಚಲೂ ಇಲ್ಲ. ಸಭೆಯು ಸಮುದಾಯದ ಕಡೆ ಚಾಚಬೇಕಾದ ಕೈಯ ಮಾದರಿ ಇದು. ಭೀಮರಾಯನಗುಡಿ ಸೀಮೆಯ ಸಭಾಪಾಲಕನಿಗೆ ಇಲ್ಲಿನ ಆಡುಮಾತು, ತತ್ವಪದ, ಮೌನೇಶ್ವರನ ಜಾತ್ರೆಯ ಭಾವ ತಿಳಿದಿರಬೇಕು. ಕ್ಯಾಂಪಿನಿಂದ ಬರುವ ತೆಲುಗು ಕುಟುಂಬಕ್ಕೆ ತನ್ನ ನುಡಿಯ ಒಂದು ಹಾಡಾದರೂ ಆರಾಧನೆಯಲ್ಲಿ ಸಿಗಬೇಕು.

ಒಂದೇ ಪಂಕ್ತಿ

ಮೆಥೋಡಿಸ್ಟ್ ಸಭೆಗಳಿಗೆ ಈ ಭಾಗದಲ್ಲಿ ಬಲ ತಂದವರು ಬಹುಪಾಲು ದಲಿತ ಕೇರಿಗಳ ಜನ. ಊರ ಬಾವಿಗೆ ಹಗ್ಗ ಇಳಿಸಲಾಗದವರು ಪ್ರಭುಭೋಜನದ ಮೇಜಿನ ಮುಂದೆ ಮೊಣಕಾಲೂರಿದರು. ಒಂದೇ ರೊಟ್ಟಿ, ಒಂದೇ ಪಾತ್ರೆಯ ಈ ಪಂಕ್ತಿ ಸಾಮಾಜಿಕವಾಗಿ ಎಷ್ಟು ಆಳದ ಮಾತಾಗಿತ್ತು ಎಂಬುದನ್ನು ಬಾವಿಯ ಕಥೆ ಗೊತ್ತಿಲ್ಲದವರು ಅಳೆಯಲಾರರು. ಆದರೆ ಜಾತಿ ಸಭೆಯ ಒಳಗೂ ಬಂದು ಕೂತಿತು: ಮದುವೆಯ ಮಾತುಕತೆಯಲ್ಲಿ, ಕಮಿಟಿಯ ಚುನಾವಣೆಯಲ್ಲಿ, ಕೆಲವೆಡೆ ಸ್ಮಶಾನದಲ್ಲಿ. ಇದನ್ನು ಒಪ್ಪಿಕೊಳ್ಳದೆ ಸ್ವಾಗತದ ಮಾತಾಡುವುದು ಸತ್ಯವಲ್ಲ.

ಕಾನೂನಿನ ಭಾರವೂ ಇದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಕ್ರೈಸ್ತರಾದವರಿಗೆ ಇಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತಾರಗೊಂಡಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತಾರೆ. ಹೀಗಾಗಿ ದಾಖಲೆಯಲ್ಲಿ ಒಂದು, ಆರಾಧನೆಯಲ್ಲಿ ಇನ್ನೊಂದು ಎಂಬ ಇಬ್ಬಂದಿಯಲ್ಲಿ ಬದುಕುವ ಮನೆಗಳಿರುತ್ತವೆ. ಅಂಥ ಮನೆಯವರನ್ನು ಪ್ರಶ್ನಿಸಿ ಹಣಿಯುವ ಸಭೆ ಅವರಿಗೆ ಇನ್ನೊಂದು ತಹಶೀಲ್ದಾರ್ ಕಚೇರಿಯಾಗುತ್ತದೆ.

ಸೇವೆ ಮತ್ತು ಆಮಿಷ: ಗೆರೆ ಎಲ್ಲಿ?

ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ಕೊಟ್ಟಿದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಸಾರದ ಹಕ್ಕು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. 2022ರ ಕರ್ನಾಟಕದ ಕಾಯ್ದೆ ಬಲಾತ್ಕಾರ, ವಂಚನೆ, ಆಮಿಷಗಳ ಮೂಲಕ ನಡೆಯುವ ಮತಾಂತರವನ್ನು ಶಿಕ್ಷಾರ್ಹಗೊಳಿಸಿತು. ಈ ಕಾಯ್ದೆಯ ನ್ಯಾಯಾನ್ಯಾಯದ ಚರ್ಚೆ ಬೇರೆ. ಸಭೆಯ ಮಟ್ಟಿಗೆ ಗೆರೆ ಕಾಯ್ದೆಗಿಂತ ಹಳೆಯದು: ಯೇಸು ಹೇಳಿದ ಕಥೆಯಲ್ಲಿ ಗಾಯಾಳುವಿಗೆ ಎಣ್ಣೆ ಹಚ್ಚಿದ ಸಮಾರ್ಯದವನು ಅವನ ಮತವನ್ನು ಕೇಳಲಿಲ್ಲ, ಪ್ರತಿಫಲಕ್ಕೂ ಕಾಯಲಿಲ್ಲ. ಸಭೆ ನಡೆಸುವ ಸಂಜೆಪಾಠಕ್ಕೆ ಬರುವ ಮಗುವಿನ ಹೆತ್ತವರಿಗೆ ಅಲ್ಲಿ ಏನು ಕಲಿಸಲಾಗುತ್ತದೆಂಬುದು ಮೊದಲೇ ಗೊತ್ತಿರಬೇಕು. ಸಹಾಯದ ಪಟ್ಟಿ ಮತ್ತು ಸದಸ್ಯರ ಪಟ್ಟಿ ಬೇರೆ ಬೇರೆ ಇರಬೇಕು. ಬಂದ ಕಾಣಿಕೆ, ಆದ ಖರ್ಚು ಸಭೆಯ ಎದುರು ಓದಿ ಹೇಳುವಂತಿರಬೇಕು. ತೆರೆದ ಲೆಕ್ಕಪುಸ್ತಕವೂ ಸ್ವಾಗತದ ಒಂದು ಭಾಗ.

ಪಾಲಕ ಹೋಗುತ್ತಾನೆ, ಸಭೆ ಉಳಿಯುತ್ತದೆ

ಮೆಥೋಡಿಸ್ಟ್ ಪದ್ಧತಿಯಲ್ಲಿ ಪಾಲಕರ ನೇಮಕ, ವರ್ಗಾವಣೆ ವಾರ್ಷಿಕ ಸಮ್ಮೇಳನದಲ್ಲಿ ಆಗುತ್ತದೆ. ಜಲ ನಿಗಮದ ಎಂಜಿನಿಯರನಂತೆ ಪಾಲಕನೂ ಒಂದು ದಿನ ಗಂಟುಮೂಟೆ ಕಟ್ಟುವವನೇ. ಆದ್ದರಿಂದ ಸ್ವಾಗತ ಒಬ್ಬರ ನಗುಮುಖದ ಮೇಲೆ ನಿಲ್ಲಬಾರದು. ಅದು ಹಿರಿಯರ, ಸ್ತ್ರೀಯರ, ಯುವಕರ ರೂಢಿಯಾಗಬೇಕು. ಇದಕ್ಕೆ ಮೆಥೋಡಿಸ್ಟ್ ಚರಿತ್ರೆಯಲ್ಲೇ ಒಂದು ನಿದರ್ಶನವಿದೆ. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲು ಸದಸ್ಯರಿಂದ ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಾಯಿತು. ಹನ್ನೆರಡು ಮಂದಿಗೊಬ್ಬ ಮುಖಂಡ ಮನೆಮನೆಗೆ ಹೋದ. ಹಣಕ್ಕೆ ಹೋದವರು ಹೊತ್ತು ತಂದದ್ದು ಆ ಮನೆಗಳ ಸುದ್ದಿ: ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರಿಗೆ ಕೆಲಸವಿಲ್ಲ. ಮೆಥೋಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ ಇದರಲ್ಲಿ ಪಾಲನೆಯ ದಾರಿಯನ್ನೇ ಕಂಡರು. ಸಾಮಾನ್ಯ ಸಭಿಕನೇ ಪಾಲಕನಾಗುವ ಈ ಕ್ರಮ ನಮ್ಮ ಸೀಮೆಗೆ ಇಂದಿಗೂ ಒಗ್ಗುತ್ತದೆ. ಗುಳೆ ಹೋದ ಮಗನ ದಾರಿ ಕಾಯುವ ಅವ್ವನ ಮನೆಗೆ ವಾರಕ್ಕೊಮ್ಮೆ ಒಬ್ಬರು ಹೋಗಿ ಕೂತುಬಂದರೆ ಸಾಕು, ಸಭೆ ಆ ಮನೆಯನ್ನು ಮುಟ್ಟಿದಂತೆ.

ಹಬ್ಬದ ವಿಚಾರದಲ್ಲೂ ನೆಲವೇ ದಾರಿ ತೋರುತ್ತದೆ. ಎಳ್ಳ ಅಮಾವಾಸ್ಯೆಯಂದು ಈ ಭಾಗದ ರೈತ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿ ನೆಂಟರನ್ನೂ ನೆರೆಯವರನ್ನೂ ಊಟಕ್ಕೆ ಕರೆಯುತ್ತಾನೆ. ಕ್ರಿಸ್ಮಸ್ ಬರುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಆ ಕರೆಗೆ ಸಭಿಕರು ಹೋಗಬೇಕು. ತಮ್ಮ ಹಬ್ಬಕ್ಕೂ ಅದೇ ಸಲುಗೆಯಲ್ಲಿ ಕರೆಯಬೇಕು. ಕರೆಯುವುದನ್ನಷ್ಟೇ ಬಲ್ಲ ಸಭೆಗಿಂತ ಕರೆದಲ್ಲಿ ಹೋಗಿ ಉಣ್ಣಬಲ್ಲ ಸಭೆ ಊರಿಗೆ ಹೆಚ್ಚು ಹತ್ತಿರ.

ಉಪಸಂಹಾರ

ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಒಂದು ದೂರು ಬರುತ್ತದೆ: ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ. ಆದಿಸಭೆ ದೂರಿದವರನ್ನು ಗದರಲಿಲ್ಲ. ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೇ ನಿಲ್ಲಿಸಿತು. ಭೀಮರಾಯನಗುಡಿಯಲ್ಲಿ ಈ ಕಥೆಯನ್ನು ವಿವರಿಸಬೇಕಿಲ್ಲ. ಕಾಲುವೆಯ ತಲೆಭಾಗದ ಹೊಲಗಳು ಭತ್ತದ ಗದ್ದೆಯಾಗಿ ನಳನಳಿಸುವಾಗ ಕೊನೆಭಾಗದ ರೈತ ಒಣ ತೂಬಿನ ಮುಂದೆ ಕಾದು ನಿಲ್ಲುವುದನ್ನು ಇಲ್ಲಿನ ಪ್ರತಿ ಮನೆ ಬಲ್ಲದು. ನೀರು ಎಷ್ಟು ಬಿಟ್ಟರು ಎಂಬುದರಿಂದ ಕಾಲುವೆಯ ಯೋಗ್ಯತೆ ತಿಳಿಯದು, ಕೊನೆಯ ಹೊಲಕ್ಕೆ ಎಷ್ಟು ಮುಟ್ಟಿತು ಎಂಬುದರಿಂದ ತಿಳಿಯುತ್ತದೆ. ಸಭೆಯನ್ನೂ ಹೀಗೇ ಅಳೆಯಬೇಕು. ಭಾನುವಾರ ತುಂಬಿದ ಬೆಂಚುಗಳನ್ನು ಎಣಿಸುವ ಹಿರಿಯರು, ಈ ವಾರ ಯಾರ ಮನೆಗೆ ಯಾರೂ ಹೋಗಲಿಲ್ಲ ಎಂಬುದನ್ನೂ ಎಣಿಸಲಿ. ಆ ಮನೆಯ ಹೆಸರು ಬರೆದಿಟ್ಟುಕೊಂಡು ಸೋಮವಾರ ಅಲ್ಲಿಂದಲೇ ಕೆಲಸ ಆರಂಭಿಸಲಿ.