ಬ್ಲಾಕ್‌ಚೈನ್ ಮತ್ತು ಆಡಳಿತ ಪಾರದರ್ಶಕತೆ

ಬ್ಲಾಕ್‌ಚೈನ್ ಎಂಬುದು ನಮೂದುಗಳನ್ನು ಕಂತುಕಂತಾಗಿ ಪೋಣಿಸಿ, ಪ್ರತಿ ಕಂತಿನಲ್ಲಿಯೂ ಹಿಂದಿನದರ ಗಣಿತಮುದ್ರೆಯನ್ನು ಅಡಕಗೊಳಿಸಿ, ಅದರ ಪ್ರತಿಗಳನ್ನು ಅನೇಕ ಗಣಕಗಳಲ್ಲಿ ಏಕಕಾಲಕ್ಕೆ ರಕ್ಷಿಸುವ ಲೆಕ್ಕಪದ್ಧತಿ. 2008ರಲ್ಲಿ ಸತೋಶಿ ನಕಮೊಟೊ ಎಂಬ ಗುಪ್ತನಾಮದ ಪ್ರಬಂಧದಿಂದ ಇದು ಪ್ರಸಿದ್ಧಿಗೆ ಬಂದಿತು. ಹಳೆಯ ನಮೂದಿನ ಒಂದಕ್ಷರವನ್ನು ತಿದ್ದಿದರೂ ಮುಂದಿನ ಮುದ್ರೆಗಳೆಲ್ಲ ತಾಳೆತಪ್ಪುವುದರಿಂದ ರಹಸ್ಯವಾದ ತಿದ್ದುಪಡಿ ದುಸ್ಸಾಧ್ಯ.

ಕರ್ನಾಟಕದಲ್ಲಿ ದಾಖಲೆಯನ್ನು ಗುಟ್ಟಾಗಿ ತಿದ್ದಲಾಗದಂತೆ ಮಾಡುವ ಈ ಆಶಯದ ಪೂರ್ವಪೀಠಿಕೆ, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಜಾರಿಗೆ ಬಂದ, ಜಮೀನಿನ ದಾಖಲೆಗಳನ್ನು ಗಣಕಕ್ಕೇರಿಸುವ ‘ಭೂಮಿ’ ಯೋಜನೆ. ಅದುವರೆಗೆ ಕಂಪ್ಲಿಯ ಭತ್ತದ ಗದ್ದೆಯ ಪಹಣಿಯೂ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದು, ಅದರ ನಕಲು ಪಡೆಯುವುದು ಅವರ ಕೃಪಾಧೀನವಾಗಿದ್ದಿತು. ತರುವಾಯ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ತೆತ್ತ ರೈತನಿಗೆ ಮುದ್ರಿತ ಪ್ರತಿಯೇ ದೊರೆಯತೊಡಗಿತು, ದಾಖಲೆ ತಿದ್ದುವ ನೌಕರನು ಬೆರಳಚ್ಚಿನಿಂದ ತನ್ನ ಗುರುತನ್ನು ಸ್ಥಾಪಿಸಬೇಕಾಯಿತು. ಇದು ಬ್ಲಾಕ್‌ಚೈನ್ ಅಲ್ಲ. ಏಕೆಂದರೆ ಅದರ ಕೀಲಿಕೈ ಸರ್ಕಾರದ ಒಂದೇ ಕೈಯಲ್ಲಿದೆ. ಬ್ಲಾಕ್‌ಚೈನಿನ ಮಾತಾದರೆ, ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆದದ್ದು 2020ರ ಜನವರಿಯಲ್ಲಿ.

ಆದರೆ ಈ ತಂತ್ರದ ಮಿತಿಯನ್ನು ಸಂಡೂರಿನ ಗಣಿಗಳೇ ತೋರುತ್ತವೆ. ಗಣಿಗಾರಿಕೆಯ ಕುರಿತ 2011ರ ಲೋಕಾಯುಕ್ತ ವರದಿಯು ಬಯಲಿಗೆಳೆದ ಅಕ್ರಮಗಳಲ್ಲಿ ಮಿತಿಮೀರಿದ ಅದಿರು ತುಂಬಿದ ಲಾರಿಗಳೂ ಇದ್ದವು. ವೇಬ್ರಿಡ್ಜಿನಲ್ಲಿಯೇ ತೂಕವನ್ನು ಸುಳ್ಳಾಗಿ ಬರೆದರೆ, ಬ್ಲಾಕ್‌ಚೈನಿನ ಸರಪಳಿಯು ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಪಹಣಿಯಲ್ಲಿ ಹೆಸರೇ ಕಾಣದ ಗೇಣಿದಾರನ ಹಕ್ಕೂ ಅದರಿಂದ ಹುಟ್ಟದು.