ಅಪ್ರಾಪ್ತೆಯ ಗರ್ಭಪಾತ: ಕಾನೂನು ಕೇಳುವುದು ಯಾರ ಸಹಿ?

ಹದಿನೆಂಟು ತುಂಬದ ಬಾಲಕಿ ಗರ್ಭಿಣಿಯಾಗಿ ಆಸ್ಪತ್ರೆಗೆ ಬಂದರೆ ಅವಳ ವಿಷಯದಲ್ಲಿ ಒಂದಲ್ಲ, ಹಲವು ಕಾನೂನುಗಳು ಏಕಕಾಲಕ್ಕೆ ಜಾರಿಯಾಗುತ್ತವೆ. ಗರ್ಭಪಾತಕ್ಕೆ ಅವಕಾಶ ಕೊಡುವುದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ. ಆಸ್ಪತ್ರೆಗಳಲ್ಲಿ ಇದಕ್ಕೆ ಎಂಟಿಪಿ ಕಾಯ್ದೆ ಎಂದೇ ಹೆಸರು. ವಿಷಯವನ್ನು ಪೊಲೀಸರಿಗೆ ತಿಳಿಸಲೇಬೇಕು ಎನ್ನುವುದು 2012ರ ಪೋಕ್ಸೊ ಕಾಯ್ದೆ. ಬಾಲಕಿಗೆ ಮದುವೆ ಮಾಡಿಸಿದ್ದರೆ ಬಾಲ್ಯವಿವಾಹ ನಿಷೇಧ ಕಾಯ್ದೆಯೂ ಸೇರಿಕೊಳ್ಳುತ್ತದೆ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಕುಟುಂಬವೊಂದಕ್ಕೆ ಈ ಕಾನೂನುಗಳು ಹೇಗೆ ಅನ್ವಯಿಸುತ್ತವೆ ಎಂಬುದರ ವಿವರಣೆ ಇಲ್ಲಿದೆ.

ಕಾಯ್ದೆಯ ಸ್ವರೂಪ

ಭಾರತದಲ್ಲಿ ಗರ್ಭಪಾತ ಮೂಲತಃ ದಂಡನೀಯ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 312ನೇ ಕಲಮು ಹೇಳುತ್ತಿದ್ದುದನ್ನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮು ಹೇಳುತ್ತಿದೆ. ಎಂಟಿಪಿ ಕಾಯ್ದೆ ಈ ಅಪರಾಧಕ್ಕೆ ಒಂದು ವಿನಾಯಿತಿ. ನಿಗದಿತ ಸ್ಥಳದಲ್ಲಿ, ಅರ್ಹ ವೈದ್ಯರು, ಕಾಯ್ದೆ ಹೇಳಿದ ಕಾರಣಕ್ಕೆ ಗರ್ಭಪಾತ ಮಾಡಿದರೆ ಅದು ಅಪರಾಧವಲ್ಲ. 1964ರಲ್ಲಿ ನೇಮಕವಾಗಿ 1966ರಲ್ಲಿ ವರದಿ ಕೊಟ್ಟ ಶಾಂತಿಲಾಲ್ ಶಾ ಸಮಿತಿಯ ಶಿಫಾರಸುಗಳ ಆಧಾರದ ಮೇಲೆ ಸಂಸತ್ತು ಇದನ್ನು ರೂಪಿಸಿತು. 1972ರ ಏಪ್ರಿಲ್ 1ರಂದು ಕಾಯ್ದೆ ಜಾರಿಗೆ ಬಂತು. 2021ರ ತಿದ್ದುಪಡಿ ಅದೇ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ.

ಇದು ಕೇಂದ್ರದ ಕಾಯ್ದೆಯಾಗಿರುವುದು ಗಡಿ ಜಿಲ್ಲೆಯ ಜನರಿಗೆ ಮುಖ್ಯವಾದ ಸಂಗತಿ. ಅಮೆರಿಕದಲ್ಲಿ 2022ರ ಜೂನ್ 24ರ ಡಾಬ್ಸ್ ತೀರ್ಪಿನ ನಂತರ ಗರ್ಭಪಾತದ ಹಕ್ಕು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ತಂದೆತಾಯಿಯ ಒಪ್ಪಿಗೆಯ ನಿಯಮವೂ ಬೇರೆಬೇರೆ. ಸಿರುಗುಪ್ಪದವರು ಚಿಕಿತ್ಸೆಗೆಂದು ಆಂಧ್ರದ ಆದವಾನಿಗೆ ಹೋಗುವುದು ಹೊಸತಲ್ಲ. ಆದರೆ ಗಡಿ ದಾಟಿದ ಮಾತ್ರಕ್ಕೆ ಕಾನೂನು ಸಡಿಲವಾಗುವುದಿಲ್ಲ. ಅಲ್ಲಿಯೂ ಅದೇ ವಾರಗಳ ಮಿತಿ, ಅದೇ ಒಪ್ಪಿಗೆ ಪತ್ರ, ಅದೇ ಪೊಲೀಸ್ ವರದಿ.

ವಾರಗಳ ಲೆಕ್ಕ

ಗರ್ಭದ ವಯಸ್ಸನ್ನು ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಲಾಗುತ್ತದೆ. ಸಂಶಯವಿದ್ದರೆ ಸ್ಕ್ಯಾನಿಂಗ್ ನಿರ್ಧರಿಸುತ್ತದೆ. 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಮತ್ತು ಈ ಅವಧಿಯ ಅವಕಾಶ ನಿಯಮಗಳು ಹೆಸರಿಸಿದ ಗುಂಪುಗಳಿಗೆ ಮಾತ್ರ. ಅತ್ಯಾಚಾರ ಸಂತ್ರಸ್ತರು, ಗರ್ಭಾವಸ್ಥೆಯಲ್ಲಿ ವಿಧವೆಯಾದವರು ಅಥವಾ ವಿಚ್ಛೇದಿತರಾದವರು, ಅಂಗವಿಕಲ ಮಹಿಳೆಯರು ಮುಂತಾದವರ ಜೊತೆ ಅಪ್ರಾಪ್ತೆಯರನ್ನು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಸೇರಿಸಲಾಗಿದೆ. ಆದ್ದರಿಂದ 22ನೇ ವಾರದಲ್ಲಿ ಬಂದ ಹದಿನಾರರ ಬಾಲಕಿಯನ್ನು ತಡವಾಯಿತೆಂಬ ಕಾರಣ ಹೇಳಿ ವಾಪಸು ಕಳಿಸುವುದು ಕಾನೂನಿಗೆ ಸಮ್ಮತವಲ್ಲ.

24 ವಾರ ದಾಟಿದ ಮೇಲೆ ಕಾಯ್ದೆ ಒಪ್ಪುವುದು ಭ್ರೂಣದಲ್ಲಿ ಗಂಭೀರ ವೈಕಲ್ಯವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದಾಗ ಮಾತ್ರ. ಗರ್ಭಿಣಿಯ ಪ್ರಾಣ ಉಳಿಸಲು ತಕ್ಷಣವೇ ಗರ್ಭಪಾತ ಅನಿವಾರ್ಯವಾದರೆ ವಾರಗಳ ಮಿತಿಯಾಗಲಿ, ಸ್ಥಳದ ನಿರ್ಬಂಧವಾಗಲಿ ಅಡ್ಡಬರುವುದಿಲ್ಲ. 5ನೇ ಕಲಮು ಒಬ್ಬ ವೈದ್ಯರಿಗೇ ಆ ಅಧಿಕಾರ ಕೊಟ್ಟಿದೆ.

ಪಾಲಕರ ಒಪ್ಪಿಗೆ

ಕಾಯ್ದೆಯ 3ನೇ ಕಲಮಿನ 4ನೇ ಉಪಕಲಮು ನೇರವಾಗಿದೆ. ವಯಸ್ಕ ಮಹಿಳೆಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನದಾಗಲಿ, ಅತ್ತೆ ಮಾವನದಾಗಲಿ ಸಹಿ ಬೇಡ. ಹದಿನೆಂಟು ತುಂಬದವಳಿಗಾದರೆ ಪಾಲಕರ ಲಿಖಿತ ಒಪ್ಪಿಗೆ ಕಡ್ಡಾಯ.

ಪಾಲಕರೆಂದರೆ ಯಾರು ಎಂಬುದಕ್ಕೆ 2ನೇ ಕಲಮು ಕೊಡುವ ಉತ್ತರ ಬಹಳ ವಿಶಾಲವಾಗಿದೆ: ಅಪ್ರಾಪ್ತೆಯನ್ನು ನೋಡಿಕೊಳ್ಳುತ್ತಿರುವ ವ್ಯಕ್ತಿ. ಅದರಲ್ಲಿ ತಂದೆ ಎಂಬ ಮಾತಿಲ್ಲ, ತಂದೆ ತಾಯಿ ಇಬ್ಬರೂ ಎಂಬ ಮಾತೂ ಇಲ್ಲ. ನ್ಯಾಯಾಲಯದಿಂದ ನೇಮಕಗೊಂಡಿರಬೇಕೆಂಬ ಷರತ್ತೂ ಇಲ್ಲ. ಈ ಸರಳ ಸಂಗತಿ ಜನರಿಗೆ ಮಾತ್ರವಲ್ಲ, ಕೆಲವೊಮ್ಮೆ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತವರಿಗೂ ತಿಳಿದಿರುವುದಿಲ್ಲ. ‘ಅಪ್ಪನ್ನ ಕರ್ಕೊಂಡು ಬರ್ರಿ’ ಎಂಬ ಒಂದು ಮಾತಿನಿಂದ ವಾರಗಳೇ ಕಳೆದುಹೋಗಬಹುದು.

ಬಳ್ಳಾರಿ ಸೀಮೆಯಲ್ಲಿ ಈ ವಿಶಾಲ ಅರ್ಥ ನಿತ್ಯದ ಬದುಕಿಗೆ ಸಂಬಂಧಿಸಿದ್ದು. ಮಳೆ ಕೈಕೊಟ್ಟ ವರ್ಷ ಇಲ್ಲಿನ ಕೂಲಿ ಕುಟುಂಬಗಳು ಬೆಂಗಳೂರಿಗೋ ಬೇರೆ ಊರಿಗೋ ಗುಳೆ ಹೋಗುತ್ತವೆ. ಶಾಲೆಗೆ ಹೋಗುವ ಮಗಳು ಅಜ್ಜಿಯ ಬಳಿ ಉಳಿಯುತ್ತಾಳೆ. ಆ ಅಜ್ಜಿಯೇ ಕಾಯ್ದೆಯ ಪ್ರಕಾರ ಪಾಲಕಿ. ಸಹಿ ಬಾರದಿದ್ದರೆ ಅವಳ ಹೆಬ್ಬೆಟ್ಟಿನ ಗುರುತೂ ಸಹಿಗೆ ಸಮ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದ್ದರೂ ಆ ಪದ್ಧತಿಗೆ ಸಿಕ್ಕಿದ್ದ ತಾಯಂದಿರ ಕುಟುಂಬಗಳು ಈ ಭಾಗದಲ್ಲಿವೆ. ಅಂಥ ಮನೆಯಲ್ಲಿ ತಂದೆಯ ಹೆಸರು ಕೇಳುವ ಅಗತ್ಯವೇ ಇಲ್ಲ, ತಾಯಿಯ ಸಹಿ ಪೂರ್ಣ. ಬಾಲಮಂದಿರದ ಆಶ್ರಯದಲ್ಲಿರುವ ಬಾಲಕಿಯ ವಿಷಯದಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ನಿರ್ದೇಶನ ನೀಡುತ್ತದೆ.

ಇಲ್ಲಿ ಕಾಯ್ದೆಯ ಒಂದು ಕೊರತೆಯನ್ನೂ ಹೇಳಬೇಕು. ಪಾಲಕರ ಸಹಿ ಕೇಳುವ ಉಪಕಲಮು ಬಾಲಕಿಯ ಸ್ವಂತ ಇಚ್ಛೆಯ ಬಗ್ಗೆ ಮೌನವಾಗಿದೆ. ಅವಳಿಗೆ ಗರ್ಭಪಾತ ಬೇಕು, ಮನೆಯವರಿಗೆ ಬೇಡ ಎಂದಾಗ ಏನು? ಮನೆಯವರಿಗೆ ಬೇಕು, ಅವಳು ಒಲ್ಲೆ ಎಂದಾಗ ಏನು? ಅಮೆರಿಕದಲ್ಲಿ 1979ರ ಬೆಲೊಟ್ಟಿ ಪ್ರಕರಣದ ನಂತರ ಬಾಲಕಿ ತಾನೇ ನ್ಯಾಯಾಧೀಶರ ಬಳಿ ಹೋಗಿ ಅನುಮತಿ ಕೇಳುವ ವ್ಯವಸ್ಥೆ ಬೆಳೆದಿತ್ತು. ನಮ್ಮ ಕಾಯ್ದೆಯಲ್ಲಿ ಅಂಥ ದಾರಿಯನ್ನು ಬರೆದಿಲ್ಲ. ಈ ತೆರಪನ್ನು ಸುಪ್ರೀಂ ಕೋರ್ಟ್ ಸ್ವಲ್ಪಮಟ್ಟಿಗೆ ತುಂಬಿದೆ. ಸಂತಾನದ ವಿಷಯದಲ್ಲಿ ಆಯ್ಕೆ ಮಾಡುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಅದು ಹೇಳಿತು. 2024ರಲ್ಲಿ ಮಹಾರಾಷ್ಟ್ರದ 14 ವರ್ಷದ ಬಾಲಕಿಯ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಪಾಲಕರ ಅಭಿಪ್ರಾಯಕ್ಕಿಂತ ಬಾಲಕಿಯ ಅಭಿಪ್ರಾಯ ಭಿನ್ನವಾದಾಗ ಅವಳ ಇಚ್ಛೆಯನ್ನು ನ್ಯಾಯಾಲಯ ಮಹತ್ವದ ಅಂಶವಾಗಿ ಪರಿಗಣಿಸಬೇಕು ಎಂದಿತು. ಮಹಿಳೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವುದು ನ್ಯಾಯ ಸಂಹಿತೆಯ 89ನೇ ಕಲಮಿನಡಿ ಜೀವಾವಧಿಯವರೆಗೆ ಶಿಕ್ಷೆಯಾಗಬಲ್ಲ ಅಪರಾಧ ಎಂಬುದೂ ನೆನಪಿರಬೇಕು.

ನಮೂನೆ ಮತ್ತು ಲಕೋಟೆ

ಒಪ್ಪಿಗೆಯನ್ನು ‘ಸಿ’ ನಮೂನೆಯಲ್ಲಿ ಬರೆಯಲಾಗುತ್ತದೆ. ಅಪ್ರಾಪ್ತೆಯಾಗಿದ್ದರೆ ಪಾಲಕರು ತುಂಬಬೇಕಾದ ಭಾಗ ಅದರಲ್ಲಿ ಪ್ರತ್ಯೇಕವಾಗಿದೆ. ಸಹಿಯಾದ ನಮೂನೆ ಮತ್ತು ವೈದ್ಯರ ಅಭಿಪ್ರಾಯ ಪತ್ರವನ್ನು ಒಂದು ಲಕೋಟೆಯಲ್ಲಿಟ್ಟು ಮೊಹರು ಮಾಡುತ್ತಾರೆ. ಲಕೋಟೆಯ ಮೇಲೆ ಬಾಲಕಿಯ ಹೆಸರಿರುವುದಿಲ್ಲ. ದಾಖಲಾತಿ ಪುಸ್ತಕದ ಕ್ರಮಸಂಖ್ಯೆ, ವೈದ್ಯರ ಹೆಸರು ಮತ್ತು ‘ರಹಸ್ಯ’ ಎಂಬ ಗುರುತು ಮಾತ್ರ. ಕೇಸ್ ಶೀಟಿನಲ್ಲಿ, ಶಸ್ತ್ರಚಿಕಿತ್ಸೆಯ ಪುಸ್ತಕದಲ್ಲಿ, ಮುಂದಿನ ಭೇಟಿಯ ಚೀಟಿಯಲ್ಲಿಯೂ ಹೆಸರಿನ ಬದಲು ಆ ಸಂಖ್ಯೆಯನ್ನೇ ಬಳಸಬೇಕು. ಹೆಸರು ಬಯಲು ಮಾಡಿದವರಿಗೆ 2021ರ ತಿದ್ದುಪಡಿ 1 ವರ್ಷದವರೆಗೆ ಜೈಲು, ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಕುರುಗೋಡಿನಂಥ ಊರಿನಲ್ಲಿ ಈ ನಿಯಮದ ಬೆಲೆ ದೊಡ್ಡದು.

ಪೊಲೀಸರಿಗೆ ವರದಿ

ಪಾಲಕರ ಸಹಿಗಿಂತ ಹೆಚ್ಚು ಅಂಜಿಕೆ ಹುಟ್ಟಿಸುವುದು ಇದು. ಲೈಂಗಿಕ ಸಂಪರ್ಕಕ್ಕೆ ಹದಿನೆಂಟರೊಳಗಿನವರು ಕೊಡುವ ಸಮ್ಮತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಾಗಾಗಿ ಪ್ರೀತಿಸಿ ಗರ್ಭಿಣಿಯಾದ ಹದಿನೇಳರ ಹುಡುಗಿಯ ಪ್ರಕರಣವೂ ಲೈಂಗಿಕ ಅಪರಾಧವೇ. ಪೋಕ್ಸೊ 19ನೇ ಕಲಮಿನಂತೆ ವಿಷಯ ತಿಳಿದವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ವೈದ್ಯರು ಇದಕ್ಕೆ ಹೊರತಲ್ಲ. ಕೇಸಿಗೆ ಹೆದರಿದ ಕುಟುಂಬ ಆಸ್ಪತ್ರೆ ಬಿಟ್ಟು ಔಷಧ ಅಂಗಡಿಯ ಮಾತ್ರೆಗೋ, ಹಳ್ಳಿಯಲ್ಲಿ ‘ಆರ್‌ಎಂಪಿ ಡಾಕ್ಟರ್’ ಎನಿಸಿಕೊಂಡ ಅನರ್ಹರಿಗೋ ಮೊರೆಹೋಗುತ್ತದೆ. ಅರ್ಹತೆಯಿಲ್ಲದೆ ಗರ್ಭಪಾತ ಮಾಡಿದವರಿಗೆ 2ರಿಂದ 7 ವರ್ಷಗಳ ಕಠಿಣ ಶಿಕ್ಷೆಯಿದೆ. ಆದರೆ ರಕ್ತಸ್ರಾವದ ಅಪಾಯ ಬಾಲಕಿಯದೇ.

ಈ ಸಿಕ್ಕನ್ನು ಸಡಿಲಿಸಿದ್ದು 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಕೊಡಗಿನವರಾದ ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದಿವಾಲಾ ಅವರ ಪೀಠ ಎರಡೂ ಕಾಯ್ದೆಗಳನ್ನು ಹೊಂದಿಸಿ ಓದಿತು. ಬಾಲಕಿ ಮತ್ತು ಅವಳ ಪಾಲಕರು ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು ಮತ್ತು ವೈಯಕ್ತಿಕ ವಿವರ ಬರೆಯಬೇಕಾಗಿಲ್ಲ. ವರದಿ ಹೋಗುತ್ತದೆ, ಗುರುತು ಹೋಗುವುದಿಲ್ಲ. ಆದರೆ ಈ ರಕ್ಷಣೆ ತಾನಾಗಿ ಸಿಗುವಂಥದ್ದಲ್ಲ, ಬಾಯಿಬಿಟ್ಟು ಕೇಳಬೇಕು. ಕೇಳಬಹುದೆಂದು ಗೊತ್ತಿಲ್ಲದವರಿಗೆ ಅದು ಇದ್ದೂ ಇಲ್ಲದಂತೆ. ಎಫ್‌ಐಆರ್ ಪ್ರತಿ ತಂದರೆ ಮಾತ್ರ ಗರ್ಭಪಾತ ಎಂಬ ಷರತ್ತು ಎಂಟಿಪಿ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಮದುವೆಯಾದ ಬಾಲಕಿ

ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 2017ರಲ್ಲಿ ಜಾರಿಗೆ ಬಂದಂದಿನಿಂದ ರಾಜ್ಯದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಅದೇ ವರ್ಷದ ಅಕ್ಟೋಬರ್ 11ರಂದು, ಹದಿನೆಂಟರೊಳಗಿನ ಹೆಂಡತಿಯೊಡನೆ ಗಂಡನ ಲೈಂಗಿಕ ಸಂಪರ್ಕವೂ ಅತ್ಯಾಚಾರವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕರ್ನಾಟಕದ ತಿದ್ದುಪಡಿಯನ್ನು ಆ ತೀರ್ಪು ಮೆಚ್ಚಿಕೊಂಡಿತ್ತು. ಆದ್ದರಿಂದ ತಾಯಿ ಕಾರ್ಡ್ ಮಾಡಿಸಲು ಬಂದ ‘ಸೊಸೆ’ಗೆ ಇನ್ನೂ ಹದಿನೇಳು ಎಂದು ಗೊತ್ತಾದರೆ ವರದಿ ತಪ್ಪುವುದಿಲ್ಲ. ಗಂಡನೆನಿಸಿಕೊಂಡವನು ಪಾಲಕನೆಂದು ಸಹಿ ಹಾಕುವುದು ತನ್ನ ಮೇಲಿನ ಆರೋಪಕ್ಕೆ ತಾನೇ ಸಾಕ್ಷ್ಯ ಒದಗಿಸಿದಂತೆ.

ಸೇವೆ ಸಿಗುವ ಸ್ಥಳಗಳು

ಗರ್ಭಪಾತ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಜಿಲ್ಲಾ ಮಟ್ಟದ ಸಮಿತಿ ಅನುಮೋದಿಸಿದ ಖಾಸಗಿ ಆಸ್ಪತ್ರೆಯಲ್ಲಿ ನಡೆಯಬೇಕು. ಅನುಮೋದನೆಯ ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ಹಾಕಿರಬೇಕೆಂಬ ನಿಯಮವಿದೆ. ಗೋಡೆಯ ಮೇಲೆ ಅದನ್ನು ಹುಡುಕುವುದು ಒಳ್ಳೆಯ ಅಭ್ಯಾಸ. 12 ವಾರಗಳೊಳಗಿನ ಗರ್ಭಪಾತವನ್ನು 25 ಪ್ರಕರಣಗಳಲ್ಲಿ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರೂ ಮಾಡಬಹುದು. ಅನಂತರದ್ದಕ್ಕೆ ಪ್ರಸೂತಿ ವಿಭಾಗದಲ್ಲಿ ಹೆಚ್ಚಿನ ತರಬೇತಿ ಅಥವಾ ಅನುಭವವಿರುವ ವೈದ್ಯರು ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ಬೇಕು. ಹೀಗಾಗಿ ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಗಳಿಗೆ ಮೊದಲು ಬಂದರೂ ತಿಂಗಳು ಮುಂದುವರಿದ ಪ್ರಕರಣಗಳು ಬಳ್ಳಾರಿ ನಗರದ ಜಿಲ್ಲಾ ಆಸ್ಪತ್ರೆಗೋ, ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರಕ್ಕೋ ಹೋಗಬೇಕಾಗುತ್ತದೆ. ಲೈಂಗಿಕ ಅಪರಾಧಕ್ಕೆ ಒಳಗಾದವರಿಗೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಉಚಿತ ಚಿಕಿತ್ಸೆ ಕೊಡಬೇಕು. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181.

24 ವಾರ ದಾಟಿದಾಗ

ಮನೆಯವರಿಗೆ ವಿಷಯ ತಿಳಿಯುವುದೇ ತಡವಾದರೆ ಉಳಿಯುವುದು ಹೈಕೋರ್ಟ್. ಆಡಳಿತಕ್ಕೆ ಕಲಬುರಗಿ ವಿಭಾಗದಲ್ಲಿದ್ದರೂ ಬಳ್ಳಾರಿಯ ಮೊಕದ್ದಮೆಗಳು ಧಾರವಾಡ ಪೀಠಕ್ಕೆ ಸೇರುತ್ತವೆ. ರಿಟ್ ಅರ್ಜಿ ಬಂದಾಗ ನ್ಯಾಯಾಲಯ ವೈದ್ಯಕೀಯ ಮಂಡಳಿಯ ವರದಿ ತರಿಸಿಕೊಳ್ಳುತ್ತದೆ. ಮಂಡಳಿ ಭ್ರೂಣದ ಸ್ಥಿತಿಯನ್ನಷ್ಟೇ ಅಲ್ಲ, ಬಾಲಕಿಯ ದೈಹಿಕ ಮತ್ತು ಮಾನಸಿಕ ಕ್ಷೇಮವನ್ನೂ ನೋಡಬೇಕೆಂದು ಮಹಾರಾಷ್ಟ್ರದ ಬಾಲಕಿಯ ಪ್ರಕರಣದ 2024ರ ತೀರ್ಪು ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಸುಮಾರು 30 ವಾರಗಳ ಗರ್ಭಕ್ಕೆ ಏಪ್ರಿಲ್ 22ರಂದು ಕೊಟ್ಟಿದ್ದ ಅನುಮತಿಯನ್ನು, ಮಗಳ ಜೀವದ ಚಿಂತೆಯಿಂದ ತಂದೆತಾಯಿ ಮನಸ್ಸು ಬದಲಿಸಿದ ಕಾರಣ, ಒಂದೇ ವಾರದಲ್ಲಿ ಹಿಂಪಡೆಯಲಾಯಿತು. ಹೆರಿಗೆಯೇ ಆಗಿ, ಮಗುವನ್ನು ಸಾಕಲಾಗದಿದ್ದರೆ ಬಾಲನ್ಯಾಯ ಕಾಯ್ದೆಯಂತೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಒಪ್ಪಿಸಿದ ಮೇಲೆ ನಿರ್ಧಾರವನ್ನು ಮರುಪರಿಶೀಲಿಸಲು 2 ತಿಂಗಳ ಕಾಲಾವಕಾಶವಿದೆ. ದತ್ತು ಪ್ರಕ್ರಿಯೆ ಅದರ ನಂತರ.