ಎಣ್ಣೆ ನೀರುಗಳ ಮಧ್ಯಸ್ಥರು

ಮುಖಕ್ಕೆ ಲೇಪಿಸಿಕೊಳ್ಳುವ ಬಿಳಿಯ ಕ್ರೀಮಿನ ಡಬ್ಬಿಯಲ್ಲಿ ಎಣ್ಣೆಯಿದೆಯೆಂದಾಗಲಿ ನೀರಿದೆಯೆಂದಾಗಲಿ ಕಣ್ಣಿಗೆ ತೋರುವುದಿಲ್ಲ. ಆದರೆ ಅದರ ಬಹುಭಾಗ ಈ ಎರಡೇ ಪದಾರ್ಥಗಳು, ಮತ್ತು ಸ್ವಭಾವತಃ ಒಂದನ್ನೊಂದು ಒಲ್ಲದ ಇವನ್ನು ತಿಂಗಳುಗಟ್ಟಲೆ ಒಂದೇ ಪಾತ್ರೆಯಲ್ಲಿ ಕಲಹವಿಲ್ಲದೆ ಕೂಡಿಸಿಟ್ಟಿರುವ ಮೂರನೆಯದೊಂದು ಪದಾರ್ಥವು, ತೂಕದಲ್ಲಿ ಅತ್ಯಲ್ಪವಾದರೂ, ಆ ಲೇಪನದ ನಿಜವಾದ ಕರ್ತೃವಾಗಿದೆ. ಪ್ರಸಾಧನ ದ್ರವ್ಯಗಳ ಚರಿತ್ರೆಯನ್ನು ರಾಣಿಯರ ಶೃಂಗಾರಪೆಟ್ಟಿಗೆಗಳಿಂದ ಆರಂಭಿಸಿ ಚಿತ್ರತಾರೆಯರ ಮುಖಗಳಲ್ಲಿ ಮುಗಿಸುವುದು ರೂಢಿ. ನನಗೆ ಆ ಚರಿತ್ರೆ ಮುಖ್ಯವಾಗಿ ಈ ಮಧ್ಯಸ್ಥನ ಅನ್ವೇಷಣೆಯಾಗಿ ಕಾಣುತ್ತದೆ. ಸಾಬೂನಿನ ವಿದ್ಯೆ, ಗೋಂದಿನ ವಿದ್ಯೆ ಎಂದು ಸಹಸ್ರಾರು ವರ್ಷ ಪ್ರತ್ಯೇಕವಾಗಿ ನಡೆದುಬಂದ ಎರಡು ಕುಶಲತೆಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೇ ಅಣುವಿನೊಳಗೆ ಸೇರಿಕೊಂಡ ವೃತ್ತಾಂತವಾಗಿ ಕಾಣುತ್ತದೆ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪೆರ್ಗಮಮ್ ಪಟ್ಟಣದಲ್ಲಿ ಜನಿಸಿ ರೋಮಿನಲ್ಲಿ ಚಕ್ರವರ್ತಿಗಳ ವೈದ್ಯನಾಗಿದ್ದ ಗೇಲನ್ನನ ಹೆಸರಿನಿಂದ ಬಂದಿರುವ ಲೇಪನವೇ ಪಾಶ್ಚಾತ್ಯರ ಕೋಲ್ಡ್ ಕ್ರೀಮಿನ ಮೂಲ. ಜೇನುಮೇಣವನ್ನು ಗುಲಾಬಿಯ ಪರಿಮಳದ ಎಣ್ಣೆಯಲ್ಲಿ ಕರಗಿಸಿ, ಅದು ಆರುತ್ತಿರುವಾಗ ಹಿಡಿಸುವಷ್ಟು ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ದು ಕಡೆಯುತ್ತಿದ್ದರು. ಮೇಣವು ನೀರನ್ನು ಬಲವಾಗಿ ಹಿಡಿಯಲಾರದು; ಆದ್ದರಿಂದ ಚರ್ಮಕ್ಕೆ ಸವರಿದೊಡನೆ ನೀರು ಬಿಡಿಸಿಕೊಂಡು ಆವಿಯಾಗಿ ತಂಪೆರೆಯುತ್ತಿತ್ತು. ತಂಪಿಗೆ ಕಾರಣವಾದ ಆ ಸಡಿಲತೆಯೇ ಅದರ ದೋಷವೂ ಆಗಿತ್ತು: ಇಟ್ಟಲ್ಲೇ ನೀರು ಒಸರುತ್ತಿತ್ತು, ಎಣ್ಣೆ ಕಮಟುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಬಿಳಿಗಾರವನ್ನು ಸೇರಿಸತೊಡಗಿದರು. ಮೇಣದಲ್ಲಿ ಸಹಜವಾಗಿರುವ ಆಮ್ಲಗಳೊಡನೆ ಬಿಳಿಗಾರ ಕೂಡಿ, ಪಾತ್ರೆಯೊಳಗೇ ಒಂದಿಷ್ಟು ಸಾಬೂನು ಹುಟ್ಟಿ, ಎಣ್ಣೆ ನೀರುಗಳನ್ನು ಕಟ್ಟಿಹಾಕಿತು. 1892ರಲ್ಲಿ ಬರೋಸ್ ವೆಲ್‌ಕಮ್ ಕಂಪನಿ ಹೊರಡಿಸಿದ ಹೇಜಲಿನ್ ಸ್ನೋ ಜಾತಿಯ ಲೇಪನಗಳಲ್ಲಿಯೂ ಮಧ್ಯಸ್ಥನು ಸಾಬೂನೇ: ಸ್ಟಿಯರಿಕ್ ಆಮ್ಲದ ಒಂದಂಶವನ್ನು ಕ್ಷಾರದಿಂದ ಸಾಬೂನಾಗಿಸಿ, ಉಳಿದಂಶವನ್ನು ಅದರ ಆಶ್ರಯದಲ್ಲಿ ನಿಲ್ಲಿಸುವುದು. ಮುಂದೆ ಮುಂಬಯಿಯಲ್ಲಿ ತಯಾರಾದ ಅಫ್ಘಾನ್ ಸ್ನೋ ಮೊದಲಾದವು ನಮ್ಮ ಊರುಗಳಿಗೂ ಬಂದು, ಮುಖಕ್ಕೆ ಹಚ್ಚುವ ಬಿಳಿಯ ಲೇಪನವೆಲ್ಲಕ್ಕೂ ನಮ್ಮ ಹೆಂಗಸರು ಬಹುಕಾಲ ಸ್ನೋ ಎಂದೇ ಹೇಳುತ್ತಿದ್ದರು.

ಸಾಬೂನಿನ ಅಣುವಿಗೆ ಎರಡು ತುದಿಗಳು: ಒಂದು ಎಣ್ಣೆಯನ್ನು ಬಯಸುತ್ತದೆ, ಇನ್ನೊಂದು ನೀರನ್ನು. ಈ ದ್ವಂದ್ವಸ್ವಭಾವದ ಅಣುಗಳು ಎರಡರ ಸೀಮೆಯಲ್ಲಿಯೇ ನೆಲಸುತ್ತವೆಂಬುದನ್ನು ಅಳೆದು ತೋರಿಸಲು ದಾರಿ ಮಾಡಿಕೊಟ್ಟವಳು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲು ಅವಕಾಶವಿಲ್ಲದಿದ್ದ ಒಬ್ಬ ಸ್ತ್ರೀ ಎಂಬುದು ನಾವು ಗೌರವದಿಂದ ನೆನೆಯಬೇಕಾದ ಸಂಗತಿ. ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ ಅಸ್ವಸ್ಥರಾದ ತಂದೆತಾಯಿಗಳ ಶುಶ್ರೂಷೆಯಲ್ಲಿ ದಿನ ಕಳೆಯುತ್ತಿದ್ದ ಆಗ್ನೆಸ್ ಪೊಕೆಲ್ಸ್, 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರದ ತಗಡಿನ ತೊಟ್ಟಿಯೊಂದನ್ನು ಅಂಚಿನವರೆಗೆ ನೀರಿನಿಂದ ತುಂಬಿ, ಅದರ ಮೇಲೆ ಅಡ್ಡಲಾಗಿ ತಗಡಿನ ಪಟ್ಟಿಯೊಂದನ್ನಿರಿಸಿ, ಆ ಪಟ್ಟಿಯನ್ನು ಅತ್ತಿತ್ತ ಸರಿಸುತ್ತ ನೀರಿನ ಮೇಲ್ಮೈಯನ್ನು ಹಿಗ್ಗಿಸಿಯೂ ಕುಗ್ಗಿಸಿಯೂ ನೋಡಿದಳು. ಪುಟ್ಟ ಬಿಲ್ಲೆಯೊಂದನ್ನು ನೀರಿನಿಂದ ಮೇಲೆತ್ತಲು ತಕ್ಕಡಿಯಲ್ಲಿ ಎಷ್ಟು ತೂಕ ಬೇಕೆಂಬುದೇ ಅವಳ ಅಳತೆ. ಜಿಡ್ಡು ಸೋಂಕಿದ ಮೇಲ್ಮೈಯನ್ನು ಒಂದು ಮಿತಿಗಿಂತ ಹೆಚ್ಚಾಗಿ ಕುಗ್ಗಿಸಿದಾಗ ಅದರ ಎಳೆತ ಥಟ್ಟನೆ ಇಳಿಯುವುದನ್ನು ಅವಳು ಕಂಡಳು. ಹತ್ತು ವರ್ಷಗಳಷ್ಟು ಕಾಲದ ಈ ಶ್ರಮವನ್ನು 1891ರ ಜನವರಿಯಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀಗೆ ಪತ್ರಮುಖೇನ ನಿವೇದಿಸಿಕೊಂಡಾಗ, ಆ ಮಹಾಶಯನು ಅದನ್ನು ಜರ್ಮನ್ನಿನಿಂದ ಇಂಗ್ಲಿಷಿಗೆ ತರಿಸಿ ನೇಚರ್ ಪತ್ರಿಕೆಗೆ ಕಳುಹಿಸಿದನು. ಅದೇ ವರ್ಷದ ಮಾರ್ಚಿನಲ್ಲಿ ಅದು ಪ್ರಕಟವಾಯಿತು. ಅದೇ ವಿಧದ ತೊಟ್ಟಿಯನ್ನು ಸುಧಾರಿಸಿ ಬಳಸಿದ ಇರ್ವಿಂಗ್ ಲ್ಯಾಂಗ್ಮೂರನಿಗೆ 1932ರಲ್ಲಿ ನೊಬೆಲ್ ಪಾರಿತೋಷಕ ದೊರೆತರೆ, ಪೊಕೆಲ್ಸಳಿಗೆ ಅದೇ ವರ್ಷ, ಎಪ್ಪತ್ತರ ಪ್ರಾಯದಲ್ಲಿ, ಅವಳ ಊರಿನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟನ್ನು ನೀಡಿತು.

ಇನ್ನು ಗೋಂದಿನ ವಿದ್ಯೆ. ದೀಪದ ಕಾಡಿಗೆಯನ್ನು ಬರಿಯ ನೀರಿಗೆ ಹಾಕಿದರೆ ಅದು ಗುಂಪುಗೂಡಿ ತಳ ಸೇರುತ್ತದೆ; ಗೋಂದು ಬೆರೆಸಿ ಅರೆದರೆ ಮಸಿಯಾಗಿ ನಿಲ್ಲುತ್ತದೆ. ಈಜಿಪ್ಟಿನ ಲಿಪಿಕಾರರು ಇದನ್ನು ಬಲ್ಲವರಾಗಿದ್ದರು. ಗೋಂದಿನ ದೀರ್ಘವಾದ ಅಣುಗಳು ಒಂದೊಂದು ಕಣವನ್ನೂ ಸುತ್ತುವರಿದು, ಕಣಗಳು ಪರಸ್ಪರ ಅಂಟದಂತೆ ದೂರವಿರಿಸುತ್ತವೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ರಸಾಯನಜ್ಞ ರಿಚರ್ಡ್ ಜಿಗ್ಮಂಡಿ ಈ ರಕ್ಷಣಶಕ್ತಿಗೆ ಒಂದು ಮಾನದಂಡವನ್ನೇ ಏರ್ಪಡಿಸಿದನು: ಚಿನ್ನದ ಸೂಕ್ಷ್ಮಕಣಗಳ ಕೆಂಪು ದ್ರವಕ್ಕೆ ಉಪ್ಪುನೀರು ಹೊಯ್ದರೆ ಕಣಗಳು ಕೂಡಿಕೊಂಡು ಅದು ನೀಲಿಗೆ ತಿರುಗುತ್ತದೆ, ಹಾಗಾಗದಂತೆ ತಡೆಯಲು ಎಷ್ಟು ಮಿಲಿಗ್ರಾಂ ಗೋಂದು ಬೇಕು ಎಂಬುದೇ ಅದರ ಸ್ವರ್ಣಸಂಖ್ಯೆ. ಪ್ರಸಾಧನಗಳಲ್ಲಿ ಈ ತತ್ತ್ವವನ್ನು ಅರಿಯದೆ ಜನ ಪಟ್ಟ ಕಷ್ಟಕ್ಕೆ ಕಣ್ರೆಪ್ಪೆಯ ಮಸಿಯೇ ಸಾಕ್ಷಿ. 1917ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೇಬೆಲಿನ್ ಬಿಲ್ಲೆಯಲ್ಲಿ ಬಣ್ಣವನ್ನು ಹಿಡಿದಿದ್ದುದು ಸಾಬೂನು. ಒದ್ದೆ ಕುಂಚದಿಂದ ಉಜ್ಜಿ ಹಚ್ಚುತ್ತಿದ್ದ ಅಂಥ ಮಸಿ ಕಣ್ಣಿಗೆ ಇಳಿದರೆ ಉರಿ ತಪ್ಪುತ್ತಿರಲಿಲ್ಲ.

ಎರಡು ವಿದ್ಯೆಗಳು ಒಂದೆಡೆ ಸೇರಿದ್ದುದನ್ನು ಕಾಣಬೇಕಾದರೆ ಮಲೆನಾಡಿನ ಬಚ್ಚಲುಮನೆಗೆ ಹೋಗಬೇಕು. ಎಣ್ಣೆಯೊತ್ತಿಕೊಂಡ ತಲೆಗೆ ಸೀಗೆಪುಡಿಯನ್ನು ಬರಿಯ ನೀರಿನಲ್ಲಿ ಕಲಸದೆ, ದಾಸವಾಳದ ಸೊಪ್ಪನ್ನು ಕಿವುಚಿ ತೆಗೆದ ಲೋಳೆಯಲ್ಲಿ ಕಲಸಿ ಹಚ್ಚುವ ಪದ್ಧತಿ ಅಲ್ಲಿ ಇಂದಿಗೂ ಉಂಟು. ಸೀಗೆಯಲ್ಲಿರುವ ಸಪೋನಿನ್ ಎಂಬ ಸಾಬೂನಿನಂಥ ಪದಾರ್ಥ ಜಿಡ್ಡನ್ನು ಎತ್ತುತ್ತದೆ. ದಾಸವಾಳದ ಲೋಳೆಯೆಂಬ ದೀರ್ಘಾಣುವು ಪುಡಿಯನ್ನು ತಲೆಯಿಡೀ ಸಮನಾಗಿ ಹರಡಿ, ಕೂದಲು ಒರಟಾಗದಂತೆ ಕಾಯುತ್ತದೆ. ಸೀಗೆಯನ್ನೂ ಸುಡಾನಿನ ಗೋಂದಿನ ಮರವನ್ನೂ ಸಸ್ಯಶಾಸ್ತ್ರಜ್ಞರು ಬಹುಕಾಲ ಜಾಲಿಯ ಕುಲದಲ್ಲಿಯೇ ಎಣಿಸುತ್ತಿದ್ದರೆಂಬುದನ್ನೂ ಇಲ್ಲಿ ಹೇಳಬೇಕು. ಆ ಗೋಂದಿನಲ್ಲಿ ಪ್ರೋಟೀನಿನ ತುಣುಕುಗಳು ಅಂಟಿಕೊಂಡ ಅಂಶವೊಂದಿದೆ. ಪ್ರೋಟೀನು ಎಣ್ಣೆಯ ಹನಿಯಲ್ಲಿ ಬೇರೂರಿದರೆ ಸಕ್ಕರೆಯ ಸರಪಳಿಗಳು ನೀರಿನತ್ತ ಚಾಚುತ್ತವೆ. ಅರ್ಥಾತ್, ರಸಾಯನಜ್ಞರು ಮುಂದೆ ಪ್ರಯಾಸದಿಂದ ಕಟ್ಟಿದ ಅಣುವಿನ ಮಾದರಿ ಮರದ ತೊಗಟೆಯಿಂದ ಒಸರುತ್ತಲೇ ಇತ್ತು.

ದೀರ್ಘಾಣುಗಳೆಂಬವು ನಿಜವಾಗಿ ಉಂಟೆಂದು 1920ರಲ್ಲಿ ಹೆರ್ಮನ್ ಸ್ಟೌಡಿಂಗರ್ ಸಾರಿದಾಗ ಸಹವೃತ್ತಿಗಳಲ್ಲಿ ಅನೇಕರು ನಂಬಲಿಲ್ಲ. ಅವನಿಗೆ ನೊಬೆಲ್ ಬಂದದ್ದು 1953ರಲ್ಲಿ. ಈ ನಡುವೆ ಲುಡ್ವಿಗ್ಸ್‌ಹಾಫೆನ್ನಿನಲ್ಲಿ ವಾಲ್ಟರ್ ರೆಪ್ಪೆ ನಿರ್ಮಿಸಿದ ಪಿವಿಪಿ ಎಂಬ ಪಾಲಿಮರು, ಅಂದರೆ ದೀರ್ಘಾಣು, ಯುದ್ಧಕಾಲದಲ್ಲಿ ಗಾಯಾಳುಗಳ ರಕ್ತದ್ರವಕ್ಕೆ ಬದಲಿಯಾಗಿ ಬಳಕೆಗೆ ಬಂದು, ಯುದ್ಧಾನಂತರ ಹೇರ್‌ಸ್ಪ್ರೇ ಆಯಿತು. 1950ರ ದಶಕದಲ್ಲಿ, ಮೋಟಾರು ಟೈರುಗಳಿಗೆ ಹೆಸರಾದ ಬಿ.ಎಫ್. ಗುಡ್‌ರಿಚ್ ಕಂಪನಿಯಿಂದ ಕಾರ್ಬೋಪಾಲ್ ಬಂದಿತು: ಅಕ್ರಿಲಿಕ್ ಆಮ್ಲದ ಸರಪಳಿಗಳನ್ನು ಅಲ್ಲಲ್ಲಿ ಬೆಸೆದು ಮಾಡಿದ ಬಿಳಿಯ ಪುಡಿ. ನೀರಿನಲ್ಲಿ ಅದನ್ನು ಕದಡಿ ತುಸು ಕ್ಷಾರ ಸೇರಿಸಿದೊಡನೆ, ಸರಪಳಿಯುದ್ದಕ್ಕೂ ಇರುವ ಆಮ್ಲದ ಗುಂಪುಗಳು ಒಂದೇ ಜಾತಿಯ ವಿದ್ಯುದಂಶವನ್ನು ತಳೆದು ಪರಸ್ಪರ ದೂಡಿಕೊಳ್ಳುವುದರಿಂದ, ಮುದುಡಿದ್ದ ಅಣು ಬಿಚ್ಚಿಕೊಂಡು ಉಬ್ಬುತ್ತದೆ. ನೂರಕ್ಕೆ ಅರ್ಧ ಭಾಗದಿಂದಲೇ ಪಾತ್ರೆಯ ನೀರೆಲ್ಲ ಸ್ವಚ್ಛವಾದ ಲೋಳೆಯಾಗುತ್ತದೆ. ಇದು ಗೋಂದಿನ ವಿದ್ಯೆಯೇ. ಎಣ್ಣೆಯೊಡನೆ ಇದಕ್ಕೆ ಸಂಬಂಧವಿಲ್ಲ.

ಸಂಬಂಧವನ್ನು ಕಲ್ಪಿಸಿದ್ದು 1980ರ ದಶಕದಲ್ಲಿ. ಅದೇ ಕಂಪನಿಯವರು ಅದೇ ಸರಪಳಿಗೆ ಎಣ್ಣೆಯನ್ನು ಬಯಸುವ ಉದ್ದನೆಯ ಪಾರ್ಶ್ವಶಾಖೆಗಳನ್ನು ವಿರಳವಾಗಿ ಕಸಿಮಾಡಿ ಪೆಮುಲೆನ್ ಎಂಬುದನ್ನು ತಂದರು. ಈ ಶಾಖೆಗಳು ಎಣ್ಣೆಯ ಹನಿಯಲ್ಲಿ ಲಂಗರು ಹಾಕುತ್ತವೆ. ಉಬ್ಬಿದ ಸರಪಳಿ ಹನಿಯ ಸುತ್ತ ಜಲಮಯವಾದ ಪ್ರಾಕಾರವನ್ನು ಕಟ್ಟುತ್ತದೆ. ಹಳೆಯ ಕ್ರಮದಲ್ಲಿ ನೂರಕ್ಕೆ ನಾಲ್ಕೈದು ಭಾಗ ಬೇಕಾಗುತ್ತಿದ್ದ ಮಧ್ಯಸ್ಥನು ಇಲ್ಲಿ ಅರ್ಧ ಭಾಗಕ್ಕಿಂತಲೂ ಕಡಿಮೆ ಸಾಕು. ಇದಕ್ಕಿಂತ ವಿಸ್ಮಯಕರವಾದುದು ಅದರ ನಿವೃತ್ತಿ: ಚರ್ಮದ ಮೇಲಿನ ಬೆವರಿನ ಉಪ್ಪು ಸೋಂಕಿದೊಡನೆ ಪ್ರಾಕಾರ ಕುಸಿದು, ಎಣ್ಣೆ ತಾನಾಗಿ ಚರ್ಮದ ಮೇಲೆ ಹರಡಿಕೊಳ್ಳುತ್ತದೆ. ಡಬ್ಬಿಯಲ್ಲಿ ದೃಢವಾಗಿ ಹಿಡಿದು, ಮುಖದ ಮೇಲೆ ಬಿಟ್ಟುಕೊಡುವ ಈ ಗುಣ ಗೇಲನ್ನನ ಲೇಪನದಲ್ಲಿ ಅರ್ಧ ಮಾತ್ರ ಇತ್ತು. ಬಿಸಿಲಿನಿಂದ ರಕ್ಷಿಸುವ ಲೇಪನಗಳಲ್ಲಿ ಟೈಟಾನಿಯಂ ಡೈಆಕ್ಸೈಡಿನ ಕಣಗಳನ್ನು ಎಣ್ಣೆಯಲ್ಲಿ ಚದುರಿಸಿಡಲು ಪಾಲಿಹೈಡ್ರಾಕ್ಸಿಸ್ಟಿಯರಿಕ್ ಆಮ್ಲವು ಮಾಡುವುದೂ ಇಂಥದೇ ಕೆಲಸ: ಒಂದು ತುದಿ ಕಣವನ್ನು ಹಿಡಿಯುತ್ತದೆ, ಉಳಿದ ಸರಪಳಿ ಎಣ್ಣೆಯಲ್ಲಿ ಚಾಚಿ ನೆರೆಯ ಕಣವನ್ನು ದೂರವಿಡುತ್ತದೆ.

ಆದರೆ ಮುಖ ತೊಳೆದ ನೀರಿನೊಡನೆ ಹೊರಟ ಅಕ್ರಿಲಿಕ್ ಸರಪಳಿಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ಗೋಂದನ್ನು ಕರಗಿಸಿಕೊಂಡಂತೆ ಸುಲಭವಾಗಿ ಕರಗಿಸಿಕೊಳ್ಳಲಾರವು. ಐರೋಪ್ಯ ಒಕ್ಕೂಟವು 2023ರಲ್ಲಿ, ಪ್ರಸಾಧನಗಳೂ ಸೇರಿದಂತೆ ಹಲವು ಸರಕುಗಳಿಗೆ ಬುದ್ಧಿಪೂರ್ವಕವಾಗಿ ಸೇರಿಸುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಹಂತಹಂತವಾಗಿ ನಿಷೇಧಿಸಿತು. ನೀರಿನಲ್ಲಿ ಕರಗುವ ಪಾಲಿಮರುಗಳನ್ನು ಆ ನಿಯಮದ ಹೊರಗಿರಿಸಿತು. ಅಷ್ಟರಿಂದಲೇ ಅವು ನಿರಪಾಯವೆಂದು ಸಿದ್ಧವಾಗುವುದಿಲ್ಲ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೊರಿ ಬೇರಿನಿಂದಲೇ ಇನ್ಯುಲಿನ್ ಎಂಬ ಸಕ್ಕರೆಯ ಸರಪಳಿಯನ್ನು ತೆಗೆದು, ಅದಕ್ಕೆ ಎಣ್ಣೆಯನ್ನು ಬಯಸುವ ಶಾಖೆಗಳನ್ನು ಕಸಿಮಾಡಿ, ಬೆಲ್ಜಿಯಂ ದೇಶದವರು ಎಮಲ್ಸಿಫೈಯರನ್ನು, ಅಂದರೆ ಇಂಥದೇ ಮಧ್ಯಸ್ಥನನ್ನು, ಮಾಡಿದ್ದಾರೆ. ದಾಸವಾಳದ ಲೋಳೆಯೂ ಸಕ್ಕರೆಯ ಸರಪಳಿಯೇ ಆಗಿರುವಾಗ, ನಮ್ಮ ವಿಶ್ವವಿದ್ಯಾನಿಲಯಗಳ ರಸಾಯನಶಾಸ್ತ್ರ ವಿಭಾಗಗಳು ಅದನ್ನೂ ಸೀಗೆ ಅಂಟುವಾಳಗಳನ್ನೂ ಇದೇ ದೃಷ್ಟಿಯಿಂದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅವುಗಳ ಬಲವನ್ನೂ ಮಿತಿಯನ್ನೂ ಅಂಕೆಗಳಲ್ಲಿ, ಕನ್ನಡದಲ್ಲಿಯೇ, ಪ್ರಕಟಿಸಬೇಕು.